ಕಂಪನಿಗೆ ಹೈಬ್ರಿಡ್ ಕಾರು: ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ನೋಡಿ

ಮೊದಲು ದಿನದ ಓಡಾಟ ಲೆಕ್ಕ ಹಾಕಿ. ಸಿಗ್ನಲ್, ಟ್ರಾಫಿಕ್ಕೇ ಹೆಚ್ಚಾದರೆ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಹೈಬ್ರಿಡ್ ಚೆನ್ನಾಗಿ ಇಂಧನ ಉಳಿಸುತ್ತದೆ. ಬರೀ ಹೆದ್ದಾರಿಯಾದರೆ ಲಾಭ ಕಡಿಮೆ. ಪ್ಲಗ್-ಇನ್ (ಹೊರಗಿನ ಕರೆಂಟಿನಿಂದ ಚಾರ್ಜ್ ಮಾಡುವ ಹೈಬ್ರಿಡ್) ಆದರೆ ಮನೆಯಲ್ಲೋ ಆಫೀಸಿನಲ್ಲೋ ಚಾರ್ಜಿಂಗ್ ಇರಲೇಬೇಕು, ಇಲ್ಲದಿದ್ದರೆ ಆ ದೊಡ್ಡ ಬ್ಯಾಟರಿ ಬರೀ ಹೊರೆ.

ಎಂಜಿನ್ ತಣ್ಣಗಿರುವಾಗಲೇ ಗಾಡಿ ಕೊಡಲು ಹೇಳಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಖ್ಯವಾಗಿ ಬ್ರೇಕ್ ಗಮನಿಸಿ: ಮೆಲ್ಲಗೆ ಒತ್ತುತ್ತಾ ನಿಲ್ಲಿಸುವಾಗ, ಕೊನೆಯ 10-15 ಕಿ.ಮೀ. ವೇಗದಲ್ಲಿ ಅಲ್ಲಿಯವರೆಗೆ ವೇಗ ತಗ್ಗಿಸುತ್ತಿದ್ದ ಮೋಟಾರಿನ ಹಿಡಿತ ಸಡಿಲಿ ಬ್ರೇಕ್ ಪ್ಯಾಡ್ ಹಿಡಿಯುತ್ತದೆ. ಆ ಬದಲಾವಣೆ ಕಾಲಿಗೆ ಜರ್ಕ್ ಆಗಿ ತಿಳಿಯಬಾರದು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಎಂಜಿನ್ ಸದ್ದು ಕೇಳಿ.

ಕೆಲವು ಮಾದರಿಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿ ಇರುತ್ತದೆ. ಬ್ಯಾಗು ಅಡ್ಡವಿಟ್ಟರೆ ಬ್ಯಾಟರಿ ಬಿಸಿಯಾಗುತ್ತದೆ. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ನೋಡಿ, ಎಷ್ಟೋ ಗಾಡಿಗಳಲ್ಲಿ ಪಂಕ್ಚರ್ ಕಿಟ್ ಮಾತ್ರ ಇರುತ್ತದೆ.