ಕೂರುವ ಜಾಗ, ಜೊತೆಗೆ ಕೂರುವ ಜನ

ಮನಸ್ಸು ಗಟ್ಟಿಯಿದ್ದರೆ ಎಲ್ಲಿ ಕೂತರೂ ಕೆಲಸ ಸಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಯೊಂದರಲ್ಲಿ ಮೂವರು ಗೆಳೆಯರೊಡನೆ ಇದ್ದುಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ವರ್ಷ ನಾನೂ ಅದನ್ನು ನಂಬಿದ್ದೆ. ರಾತ್ರಿ 9ಕ್ಕೆ ಪುಸ್ತಕ ತೆರೆದರೆ ಅರ್ಧ ಗಂಟೆಯೊಳಗೆ ಯಾರಾದರೊಬ್ಬರು “ಬಾ ಮಗಾ, ಒಂದ್ ಟೀ ಕುಡ್ಕೊಂಡ್ ಬರೋಣ” ಎನ್ನುತ್ತಿದ್ದರು. ಹೋದವರು ಮರಳುವಾಗ 11 ಆಗಿರುತ್ತಿತ್ತು. ಯಾರೂ ಕೆಟ್ಟವರಲ್ಲ. ಎಷ್ಟೋ ಸಲ ಹಾಗೆ ಕರೆಯುತ್ತಿದ್ದವನು ನಾನೇ.

ಆದ್ದರಿಂದ ಮೊದಲು ಒಂದು ವಾರದ ಲೆಕ್ಕ ಇಡಿ. ಎಲ್ಲಿ ಕೂತಿರಿ, ಪಕ್ಕದಲ್ಲಿ ಯಾರಿದ್ದರು, ಎಷ್ಟು ಪುಟ ಅಥವಾ ಎಷ್ಟು ಕೆಲಸ ಮುಗಿಯಿತು ಎಂಬ ಮೂರನ್ನು ಮಾತ್ರ ಅಂದಂದೇ ಬರೆದುಕೊಳ್ಳಿ. ಗಂಟೆಗಳನ್ನು ಬರೆಯಬೇಡಿ, ಏಕೆಂದರೆ ಗಂಟೆಯ ಲೆಕ್ಕದಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಸುಲಭ. ನನ್ನ ಲೆಕ್ಕದಲ್ಲಿ ಕೋಣೆಯಲ್ಲಿ ಕೂತ ದಿನ 6 ಪುಟ, ಹಂಪಿನಗರದ ಗ್ರಂಥಾಲಯದಲ್ಲಿ ಕೂತ ದಿನ 40 ಪುಟ ಎಂದಿತ್ತು.

ಜನರನ್ನು ಬದಲಿಸುವುದಕ್ಕಿಂತ ಜಾಗವನ್ನು ಬದಲಿಸುವುದು ಹಗುರವಾದ್ದರಿಂದ ಅಲ್ಲಿಂದ ಆರಂಭಿಸಿ. ವಾಚನಾಲಯದಲ್ಲಿ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿದು, ಕಾಲ ಬಳಿ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಮಧ್ಯಾಹ್ನದವರೆಗೆ ತಲೆ ಎತ್ತದೆ ಟಿಪ್ಪಣಿ ಬರೆಯುವವರ ಎದುರಿಗೆ ಕೂತು ಮೊಬೈಲ್ ತೆಗೆಯಲು ಯಾರಿಗಾದರೂ ನಾಚಿಕೆಯಾಗುತ್ತದೆ. ಆ ನಾಚಿಕೆಯೇ ನಿಮಗೆ ಬೇಕಾದದ್ದು. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವೂ ಇಂಥದೇ ಜಾಗ.

ಅನಂತರ ಒಬ್ಬನೇ ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ. ಇಡೀ ಗುಂಪನ್ನು ತಿದ್ದಲು ಹೋಗಬೇಡಿ. 1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್, ಗೆರೆಗಳ ಉದ್ದವನ್ನು ಹೋಲಿಸುವ ಸರಳ ಪ್ರಯೋಗದಲ್ಲಿ, ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ ಅನೇಕರು ಕಣ್ಣಿಗೆ ಕಂಡದ್ದನ್ನೂ ಬಿಟ್ಟು ಗುಂಪಿನ ಮಾತಿಗೇ ದನಿಗೂಡಿಸುವುದನ್ನು ತೋರಿಸಿದರು. ಒಬ್ಬನಾದರೂ ಸರಿಯುತ್ತರ ಹೇಳಿದೊಡನೆ ಆ ಒತ್ತಡ ಬಹುಪಾಲು ಇಳಿದುಹೋಗುತ್ತಿತ್ತು.

ಆ ಜೊತೆಗಾರ ನಿಮಗಿಂತ ತುಸು ಮುಂದಿರಲಿ, ಬಹಳ ಮುಂದೆ ಬೇಡ. 1996ರ ಒಂದೇ ವರ್ಷದಲ್ಲಿ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಡೇವಿಡ್ ಜಾನ್ಸನ್ ಈ ಆರು ಮಂದಿ ಕರ್ನಾಟಕದವರು ಭಾರತಕ್ಕಾಗಿ ಟೆಸ್ಟ್ ಆಡಿದರು. ಆರು ಪ್ರತಿಭೆಗಳು ಒಟ್ಟಿಗೆ ಹುಟ್ಟಿದ್ದು ಅದೃಷ್ಟವಿರಬಹುದು. ಆದರೆ ಅಂಥ ಬೌಲರುಗಳಿರುವ ತಂಡದ ನೆಟ್ಸ್‌ನಲ್ಲಿ ಬ್ಯಾಟು ಹಿಡಿದವನಿಗೆ ಸುಲಭದ ಅಭ್ಯಾಸ ಎಂಬುದೇ ಇರುವುದಿಲ್ಲ.

ಕೆಲಸ ಹುಡುಕುವವರಾದರೆ ಅರೆಪರಿಚಿತರನ್ನೂ ಮರೆಯಬೇಡಿ: ಆಪ್ತರಿಗೆ ತಿಳಿದದ್ದು ಬಹುತೇಕ ನಿಮಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ದರ್ಶಿನಿಯಲ್ಲಿ ಪಕ್ಕಕ್ಕೆ ನಿಂತು ಕಾಫಿ ಕುಡಿಯುವ ಹಳೆಯ ಸಹೋದ್ಯೋಗಿಯಿಂದ.

ಪರಿಸರವನ್ನು ಆರಿಸಿಕೊಳ್ಳಿ ಎನ್ನುವುದು ಬಾಯಿಮಾತಿಗೆ ಸುಲಭ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದು ಒಂದೇ ಕೋಣೆಯ ಮನೆಗೆ ಮರಳುವವರಿಗೆ ಆ ಆಯ್ಕೆ ಕಡಿಮೆ. ಅವರು ವಾರಕ್ಕೆ ಒಂದು ಭಾನುವಾರದ ಬೆಳಗನ್ನಾದರೂ ಹೊರಗಿನ ಜಾಗಕ್ಕೆ ಮೀಸಲಿಡಬಹುದು.

ಹಳೆಯ ಗೆಳೆಯರನ್ನು ಬಿಡಬೇಕಾಗಿಲ್ಲ. “ಬರಲ್ಲ” ಎನ್ನುವ ಬದಲು ಸಮಯ ಹೇಳಿ. ನಾನು “ಹನ್ನೊಂದಕ್ಕೆ ಹೋಗೋಣ” ಎನ್ನತೊಡಗಿದ ಮೇಲೆ ಮೊದಲೆರಡು ದಿನ ಗೇಲಿ ಮಾಡಿ ಅವರೇ ಹೋಗಿಬಂದರು. ಮೂರನೆಯ ದಿನ ಒಬ್ಬ ಹಿಂದೆ ಉಳಿದು, ನನ್ನ ಪಕ್ಕದ ಚಾಪೆಯ ಮೇಲೆ ತನ್ನ ಅರ್ಥಶಾಸ್ತ್ರದ ಪುಸ್ತಕ ತೆರೆದ.