ಗೋಡೆಯ ಬೂಷ್ಟಿಗೆ ಯಾರನ್ನು ಕರೆಯಬೇಕು?

ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಬೆಲ್ಟಿನ ಮೇಲೂ ಬೂಷ್ಟು ಬರುತ್ತದೆ. ಕಪಾಟಿನಲ್ಲಿಟ್ಟ ರೇಷ್ಮೆ ಸೀರೆ, ಹಳೆಯ ಫೋಟೋ, ಮಕ್ಕಳ ಸ್ಕೂಲ್ ಬ್ಯಾಗು, ಯಾವುದನ್ನೂ ಬಿಡುವುದಿಲ್ಲ. ಇದಕ್ಕೆಲ್ಲ ಇಂಜಿನಿಯರ್ ಕರೆಸಬೇಕಾಗಿಲ್ಲ. ಹೊರಗಿನ ಗಾಳಿಯಲ್ಲೇ ಶೇ 90ರ ಆಸುಪಾಸು ತೇವ ಇರುವಾಗ ಇದು ಮಾಮೂಲು. ಒರೆಸಿ, ಬಿಸಿಲು ಬಿದ್ದ ದಿನ ಹೊರಗೆ ಹರವಿದರೆ ಆಯಿತು.

ಗೋಡೆಯ ಕತೆ ಬೇರೆ. ಒಂದೇ ಜಾಗದಲ್ಲಿ ಪ್ರತಿವರ್ಷ ಕಪ್ಪು ಚುಕ್ಕೆ ಮೂಡುತ್ತಿದೆಯೇ? ಬಣ್ಣ ಉಬ್ಬಿ ಉದುರುತ್ತಿದೆಯೇ? ದೀಪಾವಳಿ ಕಳೆದರೂ ಗೋಡೆ ಮುಟ್ಟಿದರೆ ಹಸಿಯಾಗಿದೆಯೇ? ಹಾಗಾದರೆ ಅಲ್ಲಿಗೆ ಎಲ್ಲಿಂದಲೋ ನೀರು ಬರುತ್ತಿದೆ. ಆ ದಾರಿ ಹುಡುಕುವವರು ಬೇಕು. ನಾವು ಮಾಡುವುದು ಏನು? ಸೀದಾ ಪೇಂಟ್ ಅಂಗಡಿಗೆ ಹೋಗಿ ‘ವಾಟರ್‌ಪ್ರೂಫ್ ಏನಾದ್ರೂ ಕೊಡಿ’ ಎನ್ನುತ್ತೇವೆ. ಅಂಗಡಿಯವರು ಒಬ್ಬರನ್ನು ಕಳಿಸುತ್ತಾರೆ. ಬಂದವರು ಗೋಡೆಯನ್ನು ಸರಿಯಾಗಿ ನೋಡುವ ಮೊದಲೇ ಚದರ ಅಡಿಗೆ ರೇಟು ಹೇಳುತ್ತಾರೆ. ಮುಂದಿನ ಆಷಾಢಕ್ಕೆ ಮತ್ತೆ ಅದೇ ಚುಕ್ಕೆ.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಣ ಹುಡುಕುವವರು ಬೇರೆ ಇರಲಿ, ರಿಪೇರಿ ಮಾಡುವವರು ಬೇರೆ ಇರಲಿ. ಹುಡುಕುವುದಕ್ಕೂ ದುಡ್ಡು ಕೊಡಿ. ‘ಫ್ರೀ ಇನ್‌ಸ್ಪೆಕ್ಷನ್’ ಅಂದವರ ಖರ್ಚು ಕೊನೆಗೆ ನಿಮ್ಮ ಬಿಲ್ಲಿನಲ್ಲೇ ಸೇರಿಕೊಂಡಿರುತ್ತದೆ.

ಹೆಜ್ಜೆ 1: ಕರೆಯಬೇಕೇ, ಬೇಡವೇ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಸರಳ ಲೆಕ್ಕ ಕೊಡುತ್ತದೆ. ಬೂಷ್ಟು ಹಿಡಿದ ಜಾಗ ಸುಮಾರು 10 ಚದರ ಅಡಿಗಿಂತ ಕಡಿಮೆ ಇದ್ದರೆ ಮನೆಯವರೇ ತೊಳೆಯಬಹುದು. ಅಂದರೆ ಹತ್ತಿರ ಹತ್ತಿರ ಮೂರಡಿ ಉದ್ದ, ಮೂರಡಿ ಅಗಲ. ಸೋಪಿನ ನೀರು, ಬ್ರಷ್ಷು, ಕೈಗವಸು, ಎನ್-95 ಮಾಸ್ಕ್ ಸಾಕು. ಬ್ಲೀಚಿಂಗ್ ಬಳಸುವುದಾದರೆ ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ. ವಿಷದ ಗಾಳಿ ಏಳುತ್ತದೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅವರು ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಕೆಮ್ಮು, ಉಬ್ಬಸ ಜಾಸ್ತಿಯಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಇಂಜಿನಿಯರ್ ಗೋಡೆಯ ಕಾಯಿಲೆ ಹೇಳಬಲ್ಲರು, ಮನುಷ್ಯರದಲ್ಲ.

ತೊಳೆದ ಮೇಲೂ ಅದೇ ಜಾಗದಲ್ಲಿ ಮರಳಿ ಬಂದರೆ, ಅಥವಾ ಜಾಗ ಇದಕ್ಕಿಂತ ದೊಡ್ಡದಿದ್ದರೆ ಮುಂದಿನ ಹೆಜ್ಜೆ.

ಹೆಜ್ಜೆ 2: ಮೊದಲು ನೀವೇ ಸ್ವಲ್ಪ ನೋಡಿ

ಇದು ದುಡ್ಡು ಉಳಿಸುವ ಹೆಜ್ಜೆ. ಕಲೆಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ಜೋರು ಮಳೆ ಆದ ಮೇಲೆ ಕಲೆ ಗೆರೆ ದಾಟಿತೇ ನೋಡಿ. ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದಾಗ ಹಿಂದಕ್ಕೆ ಸರಿಯಿತೇ ಅನ್ನುವುದನ್ನೂ ನೋಡಿ. ಏಪ್ರಿಲ್‌ನಲ್ಲೂ ಒಣಗದ ಕಲೆಯಾದರೆ ಮಳೆಯನ್ನು ಬೈಯುವುದು ಬಿಡಿ. ಬಚ್ಚಲು ಅಥವಾ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ ಇಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಪಂಪು ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಅರ್ಧ ಉತ್ತರ ಸಿಕ್ಕಂತೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಕೂತಿದ್ದರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ಬಡಿದು ನೀರಾಗುತ್ತಿದೆ. ಕೆಲವು ನೂರು ರೂಪಾಯಿಗೆ ಗಾಳಿಯ ತೇವ ತೋರಿಸುವ ಡಿಜಿಟಲ್ ಮೀಟರ್ ಸಿಗುತ್ತದೆ. ಅದನ್ನೂ ಬೂಷ್ಟು ಬರುವ ಕೋಣೆಯಲ್ಲಿಟ್ಟು ಬೆಳಿಗ್ಗೆ, ರಾತ್ರಿ ಬರೆದಿಡಿ.

ಹೆಜ್ಜೆ 3: ಯಾರಿಗೆ ಅರ್ಹತೆ ಇದೆ

ಬ್ರಿಟನ್ನಿನಲ್ಲಿ ಇಂಥ ಕೆಲಸಕ್ಕೆ ಚಾರ್ಟರ್ಡ್ ಸರ್ವೆಯರ್‌ಗಳಿದ್ದಾರೆ. 1868ರಲ್ಲಿ ಶುರುವಾದ ಅವರದೇ ಸಂಸ್ಥೆ ಇದೆ. ಬಂದವರು ಅದರ ಸದಸ್ಯರೇ ಅಂತ ಮನೆಯವರು ನೋಡಿಕೊಳ್ಳಬಹುದು. ನಮ್ಮಲ್ಲಿ ಬೂಷ್ಟು, ತೇವ ಪರೀಕ್ಷೆಗೆ ಅಂತಲೇ ಸರ್ಕಾರಿ ಲೈಸೆನ್ಸ್ ಇಲ್ಲ. ಯಾರಾದರೂ ‘ಸರ್ಟಿಫೈಡ್ ಮೋಲ್ಡ್ ಎಕ್ಸ್‌ಪರ್ಟ್’ ಅಂತ ಕಾರ್ಡು ಕೊಟ್ಟರೆ, ಆ ಸರ್ಟಿಫಿಕೇಟ್ ಯಾರು ಕೊಟ್ಟದ್ದು ಅಂತ ಕೇಳಿ. ಕೆಮಿಕಲ್ ಮಾರುವ ಕಂಪನಿಯ ಎರಡು ದಿನದ ತರಬೇತಿಯೂ ಆಗಿರಬಹುದು.

ನಮಗೆ ಸಿಗುವ ಸರಿಯಾದ ಜನ ಇವರು. ಹಳೆಯ ಮನೆಗಳ ರಿಪೇರಿಯಲ್ಲಿ ಅನುಭವ ಇರುವ ಸಿವಿಲ್ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್. ಆರ್ಕಿಟೆಕ್ಟ್ ಆದರೆ 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಲೇಬೇಕು. ಆ ನಂಬರ್ ಕೇಳುವುದಕ್ಕೆ ಸಂಕೋಚ ಬೇಡ. ಇಂಜಿನಿಯರ್‌ಗಳಲ್ಲಿ 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನ ‘ಚಾರ್ಟರ್ಡ್ ಇಂಜಿನಿಯರ್’ ಪಟ್ಟ ಇದ್ದರೆ ಒಳ್ಳೆಯದು. ನಗರಸಭೆಯಲ್ಲಿ ಪ್ಲಾನ್ ಮಾಡಿಕೊಡುವ ನೋಂದಾಯಿತ ಇಂಜಿನಿಯರ್‌ಗಳ ಹೆಸರು ಸಿಗುತ್ತದೆ. ಆದರೆ ಹೊಸ ಮನೆ ಕಟ್ಟಿಸುವುದು ಒಂದು ಕಲೆ, ಹಳೆ ಗೋಡೆಯ ನೀರು ಹುಡುಕುವುದು ಇನ್ನೊಂದು. ಕಾರವಾರದವರು ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೆಸರು ವಿಚಾರಿಸಬಹುದು. ಬ್ಯಾಂಕಿಗೆ ಮನೆಯ ಬೆಲೆ ಕಟ್ಟಿಕೊಡುವ ವ್ಯಾಲ್ಯುಯರ್, ಜಮೀನು ಅಳೆಯುವ ಸರ್ವೆಯರ್, ಇವರದು ಬೇರೆಯೇ ವಿದ್ಯೆ.

ಊರಿನ ಹಿರಿಯ ಗೌಂಡಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಚಿರೆಕಲ್ಲಿನ ಮನೆ ಕಟ್ಟಿ ಕೂದಲು ಹಣ್ಣಾದವರು ಗೋಡೆ ತಟ್ಟಿ ನೋಡಿಯೇ ಎಷ್ಟೋ ಹೇಳಬಲ್ಲರು. ವರದಿ ಬರೆದುಕೊಡುವುದು ಅವರಿಂದ ಆಗದು ಅಷ್ಟೆ. ಇಂಜಿನಿಯರ್ ಬರುವ ದಿನ ಅವರನ್ನೂ ಕರೆಯಿರಿ. ಇಬ್ಬರ ಮಾತೂ ಒಂದೇ ಆದರೆ ನಿಮಗೆ ಧೈರ್ಯ. ಬೇರೆ ಬೇರೆ ಆದರೆ ಅಲ್ಲೇ ಚರ್ಚೆ ಆಗಲಿ.

ಶಿರಸಿ, ಸಿದ್ದಾಪುರ ಕಡೆಯ ಮನೆಗಳಿಗೆ ಇನ್ನೊಂದು ಮಾತು. ಅಲ್ಲಿ ಗೋಡೆಗಿಂತ ಮರದ ಚಿಂತೆ ಜಾಸ್ತಿ. ಮೊದಲು ಒಲೆಯ ಹೊಗೆ ಅಟ್ಟ, ಜಂತಿಗಳನ್ನು ಒಣಗಿಸಿ ಇಡುತ್ತಿತ್ತು. ಗ್ಯಾಸು ಬಂತು, ಹೊಗೆ ಹೋಯಿತು, ಬೂಷ್ಟು ಬಂತು. ಮರದಲ್ಲಿ ತೇವ ಶೇ 20 ದಾಟಿ ಹಾಗೇ ನಿಂತರೆ ಅದು ಕೊಳೆಯುವ ಭಯ. ಆದ್ದರಿಂದ ಮರದ ಬಗ್ಗೆ ತಿಳಿದವರೇ ಬೇಕು. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವೇ ಇರುವುದರಿಂದ ಅಲ್ಲಿ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಹೆಜ್ಜೆ 4: ಫೋನಿನಲ್ಲೇ ಕೇಳಿಬಿಡಿ

‘ಸರ್, ಕೆಲಸವನ್ನೂ ನೀವೇ ಮಾಡಿಸಿಕೊಡ್ತೀರಾ?’ ಇದು ಮೊದಲ ಪ್ರಶ್ನೆ. ಹೌದು ಎಂದರೆ ಅವರು ಕೆಟ್ಟವರು ಅಂತಲ್ಲ. ಆದರೆ ಅವರ ಸಲಹೆಯನ್ನು ಇನ್ನೊಬ್ಬರಿಗೆ ತೋರಿಸಿ. ಆಮೇಲೆ ಫೀಸು ಎಷ್ಟು, ಓಡಾಟದ ಖರ್ಚು ಅದರಲ್ಲೇ ಸೇರಿದೆಯೇ, ಬರವಣಿಗೆಯಲ್ಲಿ ವರದಿ ಕೊಡುತ್ತಾರೆಯೇ ಕೇಳಿ. ಇತ್ತೀಚೆಗೆ ನೋಡಿದ ಇಂಥ ಒಂದೆರಡು ಮನೆಯವರ ನಂಬರ್ ಕೇಳಿ. ಆ ಮನೆಯವರಿಗೆ ಫೋನ್ ಮಾಡಿ ‘ರಿಪೇರಿ ಆಗಿ ಒಂದು ಮಳೆಗಾಲ ಕಳೆಯಿತಾ?’ ಎಂದು ಕೇಳಿ. ಬೇಸಿಗೆಯಲ್ಲಿ ರಿಪೇರಿ ಮಾಡಿಸಿದವರೆಲ್ಲ ಬೇಸಿಗೆಯಲ್ಲಿ ಖುಷಿಯಾಗಿಯೇ ಇರುತ್ತಾರೆ ಅಲ್ವಾ!

ಪರೀಕ್ಷೆಗೆ ಕರೆಯಲು ಆಗಸ್ಟ್ ಒಳ್ಳೆಯ ಕಾಲ. ನೀರು ಹರಿಯುತ್ತಿರುವಾಗಲೇ ಅದರ ದಾರಿ ಕಾಣುವುದು. ಕಟ್ಟಡದ ಕೆಲಸ ತಣ್ಣಗಿರುವುದರಿಂದ ಅವರಿಗೂ ಪುರುಸೊತ್ತು ಇರುತ್ತದೆ. ರಿಪೇರಿಯನ್ನು ಗೋಡೆ ಒಣಗಿದ ಮೇಲೆ, ಜನವರಿಯ ನಂತರ ಇಟ್ಟುಕೊಳ್ಳಿ.

ಹೆಜ್ಜೆ 5: ಅವರು ಏನು ನೋಡುತ್ತಾರೆ, ನೀವು ನೋಡಿ

ಒಳ್ಳೆಯವರು ಮೊದಲು ಮನೆಯ ಹೊರಗೆ ಸುತ್ತು ಹಾಕುತ್ತಾರೆ. ಸೂರಿನ ನೀರು ಎಲ್ಲಿ ಬೀಳುತ್ತದೆ, ಗಟಾರ ಕಟ್ಟಿದೆಯೇ, ಅಂಗಳದ ಮಣ್ಣು ಮನೆಯ ನೆಲಕ್ಕಿಂತ ಎತ್ತರ ಆಗಿದೆಯೇ, ಸಜ್ಜಾದ ಮೇಲೆ ನೀರು ನಿಲ್ಲುತ್ತದೆಯೇ. ಮಳೆಗಾಳಿ ಹೊಡೆಯುವುದು ಸಮುದ್ರದ ಕಡೆಯಿಂದ. ಹಾಗಾಗಿ ಪಡುವಣ ಗೋಡೆಯನ್ನು ಅವರು ಬೇರೆಯಾಗಿ ನೋಡಬೇಕು. ಹಿಂದೆ ಆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಸುಮ್ನೆ ಅಲ್ಲ. ಸೀದಾ ಒಳಗೆ ಬಂದು, ಮೀಟರ್ ಚುಚ್ಚಿ, ‘ಫುಲ್ ಡ್ಯಾಂಪ್’ ಎಂದವರನ್ನು ಚಹಾ ಕೊಟ್ಟು ಕಳಿಸಿ.

ಮೀಟರಿನ ವಿಷಯ ತಿಳಿದಿರಲಿ. ಎರಡು ಮುಳ್ಳಿನ ಆ ಸಾಧನ ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದನ್ನು ಮಾಡಿರುವುದು ಮುಖ್ಯವಾಗಿ ಮರಕ್ಕೆ. ಗಾರೆಯಲ್ಲಿ ಉಪ್ಪು ಇದ್ದರೆ ಅಂಕಿ ಏರಿಬಿಡುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪಿಗೆ ಬರವೇ? ತೊಳೆಯದ ಉಪ್ಪು ಮರಳಿನಲ್ಲಿ ಪ್ಲಾಸ್ಟರ್ ಮಾಡಿದ ಗೋಡೆ ಗಾಳಿಯಿಂದಲೇ ನೀರು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೆವರುತ್ತದೆ, ಬೇಸಿಗೆಯಲ್ಲಿ ಬಿಳಿ ಪುಡಿ ಉದುರಿಸುತ್ತದೆ. ಅದಕ್ಕೆ ಎಷ್ಟು ವಾಟರ್‌ಪ್ರೂಫ್ ಬಳಿದರೂ ಬಣ್ಣ ಗುಳ್ಳೆ ಏಳುತ್ತದೆ. ಹಳೆ ಪ್ಲಾಸ್ಟರ್ ಕಿತ್ತು ಒಳ್ಳೆಯ ಮರಳಿನಲ್ಲಿ ಮತ್ತೆ ಮಾಡಿಸುವುದೇ ದಾರಿ. ಬಂದವರಿಗೆ ಈ ಉಪ್ಪಿನ ವಿಷಯ ಗೊತ್ತಿದೆಯೇ ಅಂತ ಕೇಳಿ. ಇದೊಂದೇ ಪ್ರಶ್ನೆಯಲ್ಲಿ ಅವರ ಅನುಭವ ತಿಳಿಯುತ್ತದೆ.

ಥರ್ಮಲ್ ಕ್ಯಾಮೆರಾ ತಂದರೆ ಮರುಳಾಗಬೇಡಿ. ಅದು ತೋರಿಸುವುದು ತಂಪು, ಬಿಸಿಯ ವ್ಯತ್ಯಾಸವನ್ನು ಮಾತ್ರ. ನೀಲಿ ಕಂಡ ಜಾಗದಲ್ಲಿ ನೀರು ಇದ್ದೇ ಇದೆ ಅಂತಲ್ಲ.

ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಪಟ್ಟಿಯಂತೆ ಕಲೆ ಇದ್ದರೆ ಪಾಯದಿಂದ ನೀರು ಏರುತ್ತಿರಬಹುದು. ಚಿರೆಕಲ್ಲಿನ ಸಣ್ಣ ತೂತುಗಳು ನೀರು ಎಳೆಯುತ್ತವೆ. ಪಾಯದ ಮೇಲೆ ತೇವ ತಡೆಯುವ ಪದರ ಹಾಕದ ಹಳೆ ಮನೆಗಳಲ್ಲಿ ಇದು ಸಹಜ. ಮೇಲಿನಿಂದ ಇಳಿದ ದುಂಡು ಕಲೆಯಾದರೆ ತಾರಸಿ. ಆಗ ತಾರಸಿಯ ಅಥವಾ ಮೇಲಿನ ಬಚ್ಚಲಿನ ನೀರಿನ ಬಾಯಿ ಮುಚ್ಚಿ, 24 ಗಂಟೆ ನೀರು ನಿಲ್ಲಿಸಿ ನೋಡುತ್ತಾರೆ. ಬಣ್ಣ ಬೆರೆಸಿದ ನೀರು ಹಾಕುವುದೂ ಉಂಟು.

ಎಸಿ ಇರುವ ಮನೆಗಳಲ್ಲಿ ಹೊಸ ತರಲೆ ಶುರುವಾಗಿದೆ. ಹೊರಗೆ 30 ಡಿಗ್ರಿ, ತೇವ ಶೇ 80 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿಗೆ ಆ ಗಾಳಿ ತಾಗಿದರೂ ಅದರ ಮೇಲೆ ನೀರು ಕೂರುತ್ತದೆ. ಎಸಿಯನ್ನು 20ಕ್ಕೆ ಇಟ್ಟು ಮಲಗಿದರೆ ಪಕ್ಕದ ಕೋಣೆಯ ಗೋಡೆ ಬೆವರುತ್ತದೆ. ಕಪಾಟಿನ ಹಿಂದೆ ಬೂಷ್ಟು. ಇಲ್ಲಿ ಲೀಕೇಜೇ ಇಲ್ಲ! ಚಳಿ ದೇಶಗಳ ‘ಕಿಟಕಿ ತೆರೆದಿಡಿ’ ಎಂಬ ಸಲಹೆಯೂ ಜುಲೈಯಲ್ಲಿ ನಮಗೆ ತಿರುಗುಬಾಣ. ಅವರ ಹೊರಗಿನ ಗಾಳಿ ಒಣದು, ನಮ್ಮದು ಹಸಿ. ಇದನ್ನು ವಿವರಿಸಿ ಹೇಳುವ ಇಂಜಿನಿಯರ್ ಸಿಕ್ಕರೆ ಬಿಡಬೇಡಿ.

ಗಾಳಿಯ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸೋಣ ಎಂದರೆ ಬೇಡ ಎನ್ನಿ. ಬೂಷ್ಟಿನ ಬೀಜಾಣು ಎಲ್ಲ ಗಾಳಿಯಲ್ಲೂ ಇರುತ್ತದೆ. ಮನೆಯಲ್ಲಿ ಇಷ್ಟು ದಾಟಿದರೆ ಅಪಾಯ ಎಂಬ ಒಪ್ಪಿತ ಮಿತಿ ಇಲ್ಲ. ಕರಿ ಬೂಷ್ಟು ಅಂದ ಮಾತ್ರಕ್ಕೆ ಪ್ರಾಣ ತೆಗೆಯುವುದು ಅಂತ ಹೆದರಿಸುವವರ ಮಾತೂ ಅಷ್ಟೇ.

ಹೆಜ್ಜೆ 6: ವರದಿ ಕೈಗೆ ಬಂದಾಗ

ಫೋಟೋ ಇರಬೇಕು. ಎಲ್ಲಿ ಅಳೆದರು, ಅಂಕಿ ಎಷ್ಟು, ಅವತ್ತು ಮಳೆ ಇತ್ತೇ ಬರೆದಿರಬೇಕು. ಕಾರಣ ಇದು, ಯಾಕೆಂದರೆ ಇದು, ಅಂತ ನಿಮಗೆ ಅರ್ಥವಾಗುವ ಮಾತಿನಲ್ಲಿ ಇರಬೇಕು. ಕೆಲಸಗಳು ಅಗ್ಗದ್ದರಿಂದ ಶುರುವಾಗಲಿ. ಮಣ್ಣು ತಗ್ಗಿಸುವುದು, ಗಟಾರ ಬಿಡಿಸುವುದು ಮೊದಲು, ತಾರಸಿಗೆ ತಗಡಿನ ಶೀಟು ಹಾಕುವುದು ಆಮೇಲೆ. ಕಾರಣದ ಬದಲು ಒಂದೇ ಕಂಪನಿಯ ಡಬ್ಬಿಗಳ ಹೆಸರು ತುಂಬಿದ್ದರೆ ಅದು ವರದಿಯಲ್ಲ, ಕೊಟೇಶನ್.

ಹೊಸ ಫ್ಲ್ಯಾಟಿನವರಿಗೆ ಈ ಕಾಗದ ಇನ್ನೂ ಉಪಯೋಗ. 2016ರ ರೇರಾ ಕಾಯ್ದೆಯಲ್ಲಿ (ಬಿಲ್ಡರ್‌ಗಳನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾನೂನು) ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು. ದೂರನ್ನು ಬರವಣಿಗೆಯಲ್ಲಿ ಕೊಡಿ, ವರದಿಯ ಪ್ರತಿ ಲಗತ್ತಿಸಿ. ಬಾಡಿಗೆಯವರಾದರೆ ಖರ್ಚು ಮಾಡುವ ಮೊದಲು ಮಾಲೀಕರ ಜೊತೆ ಮಾತಾಡಿಕೊಳ್ಳಿ.

ಹೆಜ್ಜೆ 7: ಇನ್ನೊಮ್ಮೆ ಬರಲಿ

ರಿಪೇರಿಯ ನಂತರದ ಮೊದಲ ಮಳೆಗಾಲದಲ್ಲಿ ಅದೇ ಇಂಜಿನಿಯರ್ ಬಂದು ಅದೇ ಜಾಗಗಳಲ್ಲಿ ಮತ್ತೆ ಅಳೆಯುವಂತೆ ಫೀಸು ಮಾತಾಡುವಾಗಲೇ ಗೊತ್ತು ಮಾಡಿಕೊಳ್ಳಿ. ಗುತ್ತಿಗೆದಾರರ ಕೊನೆಯ ಕಂತನ್ನು ಅಲ್ಲಿಯವರೆಗೆ ಹಿಡಿದಿಡಿ. ಪೂರ್ತಿ ಕಂತು ಹಿಡಿಯಲು ಒಪ್ಪದಿದ್ದರೆ ಸ್ವಲ್ಪವಾದರೂ ಉಳಿಸಿಕೊಳ್ಳಿ. ಅದನ್ನೂ ಒಪ್ಪದವರಿಗೆ ಕೆಲಸ ಕೊಡುವ ಮೊದಲು ಇನ್ನೊಬ್ಬರನ್ನು ಕೇಳಿ ನೋಡಿ.