ಸೂಟ್‌ಕೇಸಿನ ಮಾತ್ರೆ ನುಂಗುವ ಮೊದಲು: ಇಂಗ್ಲೆಂಡಿನಲ್ಲಿ ಕ್ಲಮೈಡಿಯಾ ಚಿಕಿತ್ಸೆ

"ಅಣ್ಣಾ, ನಿಮ್ಮ ಹತ್ರ ಅಜಿಥ್ರೋಮೈಸಿನ್ ಇದೆಯಾ? ಮೂತ್ರ ಮಾಡುವಾಗ ಉರಿ." ಎಂಎಸ್ಸಿ ಓದಲು ಬಂದ ಹುಡುಗನೊಬ್ಬ ಹೋದ ಚಳಿಗಾಲದಲ್ಲಿ ನನ್ನ ಬಾಗಿಲಲ್ಲಿ ನಿಂತು ಆ ಆಂಟಿಬಯೋಟಿಕ್ ಮಾತ್ರೆಯನ್ನು ಹೀಗೆ ಕೇಳಿದ. ಹೀಗೆ ಕೇಳಿದವರಲ್ಲಿ ಇವನು ಮೂರನೆಯವನು. ಮೂವರಿಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಉರಿ ಕ್ಲಮೈಡಿಯಾದ್ದಾಗಿರಬಹುದು, ಅದು ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು. ಇದಕ್ಕೆ ಜಿಪಿ, ಅಂದರೆ ಮನೆ ಹತ್ತಿರದ ಸಾಮಾನ್ಯ ವೈದ್ಯರ, ಅಪಾಯಿಂಟ್‌ಮೆಂಟ್ ಕಾಯುತ್ತ ಕೂರಬೇಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸೆಕ್ಶುಯಲ್ ಹೆಲ್ತ್ ಕ್ಲಿನಿಕ್‌ಗೆ ನೀವೇ ನೇರವಾಗಿ ಫೋನ್ ಮಾಡಿ ಹೋಗಬಹುದು, ಯಾರ ಚೀಟಿಯೂ ಬೇಡ. ನಿಮ್ಮ ವೀಸಾ ಯಾವುದೇ ಇರಲಿ, ಲೈಂಗಿಕ ಸೋಂಕಿನ ಪರೀಕ್ಷೆ, ಔಷಧಿ ಎರಡೂ ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಜಿಪಿಗೆ ಸಹ ತಿಳಿಸುವುದಿಲ್ಲ. "ಮನೆಯವರಿಗೆ ಗೊತ್ತಾದರೆ?" ಎಂಬ ಭಯಕ್ಕೇ ನಮ್ಮವರು ಖಾಸಗಿ ಕ್ಲಿನಿಕ್ಕಿಗೆ ದುಡ್ಡು ಸುರಿಯುತ್ತಾರೆ. ಆ ಭಯಕ್ಕೆ ಕಾರಣವಿಲ್ಲ. ರೋಗಲಕ್ಷಣ ಇಲ್ಲದಿದ್ದರೆ ಅನೇಕ ಕಡೆ ಪರೀಕ್ಷೆಯ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ.

ಈಗ ನನಗೆ ದುಬಾರಿಯಾದ ತಪ್ಪಿನ ವಿಷಯ. ನಾನು ಬಂದ ಹೊಸತರಲ್ಲಿ ಇದೇ ಉರಿ ಶುರುವಾದಾಗ ಊರಿಂದ ತಂದಿದ್ದ ಅಜಿಥ್ರೋಮೈಸಿನ್ ಸ್ಟ್ರಿಪ್ಪನ್ನು ಮೂರು ದಿನ ನುಂಗಿದೆ. ಉರಿ ಇಳಿಯಿತು. ಆದರೂ ಮನಸ್ಸು ಕೇಳದೆ ಹತ್ತನೇ ದಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿದೆ. ಕ್ಲಮೈಡಿಯಾ ಪಾಸಿಟಿವ್ ಬಂತು. ಮತ್ತೊಂದು ಕೋರ್ಸಿಗೆ ಮತ್ತಷ್ಟು ದುಡ್ಡು ಕೊಟ್ಟೆ. ಆ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು, ಸತ್ತ ಬ್ಯಾಕ್ಟೀರಿಯಾದ ಚೂರುಗಳೂ ಅದಕ್ಕೆ ಸಿಗುತ್ತವೆ ಎಂದು ನನಗೆ ಆಮೇಲೆ ವಿವರಿಸಿದವರು ಎನ್‌ಎಚ್‌ಎಸ್ ನರ್ಸ್. ಚಿಕಿತ್ಸೆಯಾಗಿ ಮೂರು ವಾರ ಕಳೆಯುವ ಮೊದಲು ಮಾಡಿಸಿದ ಪರೀಕ್ಷೆಯನ್ನು ನಂಬುವಂತಿಲ್ಲ. ಅಂದರೆ ನನ್ನ ಸೋಂಕು ಹೋಗಿತ್ತೋ ಉಳಿದಿತ್ತೋ, ಆ ರಿಪೋರ್ಟಿನಿಂದ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಇನ್ನೂ ದೊಡ್ಡ ತಪ್ಪು ಬೇರೆ. ನನ್ನ ಸಂಗಾತಿಗೆ ಯಾವ ತೊಂದರೆಯೂ ಇರಲಿಲ್ಲವೆಂದು ನಾನು ಅವಳಿಗೆ ಹೇಳಲೇ ಇಲ್ಲ. ಕ್ಲಮೈಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಕಾಣುವುದಿಲ್ಲ. ಹಾಗೇ ಬಿಟ್ಟರೆ ಸೋಂಕು ಗರ್ಭನಾಳಕ್ಕೆ ಏರಿ ಮುಂದೆ ಮಕ್ಕಳಾಗುವುದಕ್ಕೇ ಅಡ್ಡಿಯಾಗಬಹುದು. ಮೂರು ತಿಂಗಳಿಗೆ ನನಗೆ ಮತ್ತೆ ಉರಿ ಬಂತು. ಆಗ ಇಬ್ಬರೂ ಹೋಗಿ ಪರೀಕ್ಷೆ ಮಾಡಿಸಿದೆವು, ಇಬ್ಬರಿಗೂ ಇತ್ತು. ಆ ಮೂರು ತಿಂಗಳು ಅವಳನ್ನು ಅಪಾಯದಲ್ಲಿಟ್ಟದ್ದು ನನ್ನ ಮೌನ. ಅದರ ನೋವು ಇಂದಿಗೂ ಇದೆ.

ಇಲ್ಲಿ 2018ರಿಂದ ಕ್ಲಮೈಡಿಯಾಗೆ ಮೊದಲ ಆಯ್ಕೆ ಅಜಿಥ್ರೋಮೈಸಿನ್ ಅಲ್ಲ, ಡಾಕ್ಸಿಸೈಕ್ಲಿನ್. 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಲೈಂಗಿಕವಾಗಿಯೇ ಹರಡುವ ಮೈಕೋಪ್ಲಾಸ್ಮಾ ಜೆನಿಟೇಲಿಯಮ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅಜಿಥ್ರೋಮೈಸಿನ್‌ಗೆ ಜಗ್ಗದಂತಾದದ್ದು ಈ ಬದಲಾವಣೆಗೆ ಒಂದು ಕಾರಣ. ಮಾತ್ರೆಯನ್ನು ತುಂಬು ಲೋಟ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಅನ್ನನಾಳ ಸುಟ್ಟಂತಾಗುತ್ತದೆ. ಕಬ್ಬಿಣಾಂಶದ ಮಾತ್ರೆ, ಆಂಟಾಸಿಡ್ ಜೊತೆಗೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯಾಗಿದ್ದರೆ, ಆಗಿರಬಹುದೆಂಬ ಅನುಮಾನವಿದ್ದರೂ, ಮೊದಲೇ ಹೇಳಿ. ಬೇರೆ ಔಷಧಿ ಕೊಡುತ್ತಾರೆ. ಕೋರ್ಸ್ ಮುಗಿಯುವವರೆಗೆ, ಸಂಗಾತಿಯ ಚಿಕಿತ್ಸೆಯೂ ಮುಗಿಯುವವರೆಗೆ ಸಂಭೋಗ ಬೇಡ, ಕಾಂಡೋಮ್ ಇದ್ದರೂ ಬೇಡ.

ಇದೇ ಉರಿ ಗೊನೋರಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕಿನದ್ದೂ ಆಗಿರಬಹುದು. ಅದಕ್ಕೆ ಇಲ್ಲಿ ಸಾಮಾನ್ಯವಾಗಿ ಕೊಡುವುದು ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಇಂಜೆಕ್ಷನ್. ಯಾವ ಔಷಧಿಗೆ ಬಗ್ಗುತ್ತದೆಂದು ನೋಡಲು ಮೊದಲು ಸ್ಯಾಂಪಲ್ ತೆಗೆದುಕೊಳ್ಳುತ್ತಾರೆ. ಪರೀಕ್ಷೆಗೆ ಮೊದಲೇ ಏನೋ ಒಂದು ಮಾತ್ರೆ ನುಂಗಿ ಹೋದರೆ ಆ ಸುಳಿವನ್ನು ನೀವೇ ಅಳಿಸಿ ಹೋದಂತೆ. ನುಂಗಿಬಿಟ್ಟಿದ್ದರೆ ಮುಚ್ಚಿಡಬೇಡಿ, ಮಾತ್ರೆಯ ಹೆಸರು, ದಿನಾಂಕ ಸಮೇತ ಹೇಳಿ.

ನಮ್ಮಲ್ಲಿ ತಜ್ಞ ವೈದ್ಯರು ಅದೇ ದಿನ ಸಿಗುತ್ತಾರೆ, ಇಲ್ಲಿ ಕ್ಲಿನಿಕ್ಕಿನ ಸ್ಲಾಟಿಗೆ ಬೆಳಿಗ್ಗೆ ಫೋನ್ ಹಿಡಿದು ಕೂರಬೇಕು. ವೇಗದಲ್ಲಿ ನಮ್ಮದೇ ಮೇಲು, ನನಗೆ ಅನುಮಾನವಿಲ್ಲ. ಆದರೆ ಸಂಗಾತಿಗಳಿಗೆ ತಿಳಿಸುವ ಕೆಲಸದಲ್ಲಿ ಇಲ್ಲಿನ ವ್ಯವಸ್ಥೆ ಬಹಳ ಮುಂದಿದೆ. ನಿಮಗೆ ಹೇಳಲು ಬಾಯಿ ಬರದಿದ್ದರೆ ಕ್ಲಿನಿಕ್‌ನವರೇ ನಿಮ್ಮ ಹೆಸರು ಎತ್ತದೆ ಅವರಿಗೆ ಸಂದೇಶ ಕಳಿಸುತ್ತಾರೆ. ಆ ಹುಡುಗ ಕಳಿಸಿದ್ದು ಹಾಗೆಯೇ. ನನಗೆ ಇದು ಮೊದಲೇ ಗೊತ್ತಿದ್ದರೆ ಎಂದು ಅವತ್ತು ಅನ್ನಿಸಿತು.

ಸೋಂಕು ತಗುಲಿರಬಹುದಾದ ದಿನದಿಂದ ಎರಡು ವಾರ ಕಳೆದ ಮೇಲಿನ ಕ್ಲಮೈಡಿಯಾ ಪರೀಕ್ಷೆಯೇ ನಂಬಿಕೆಗೆ ಅರ್ಹ. ಗಂಡಸರು ಸ್ಯಾಂಪಲ್ ಕೊಡುವ ಮೊದಲು ಒಂದೆರಡು ಗಂಟೆ ಮೂತ್ರ ಮಾಡಬಾರದು. ಕಿಬ್ಬೊಟ್ಟೆಯಲ್ಲಿ ಜೋರು ನೋವು, ಜ್ವರ, ವೃಷಣದ ಊತ ಇದ್ದರೆ ಮಾತ್ರ ಸ್ಲಾಟಿಗೆ ಕಾಯಬೇಡಿ, ಅದೇ ದಿನ ಎನ್‌ಎಚ್‌ಎಸ್‌ನ ಸಹಾಯವಾಣಿ 111ಕ್ಕೆ ಫೋನ್ ಮಾಡಿ.